ಉಕ್ಕಿನ ಮೇಲೆ ಕಾಯಿನೀರು

ನಾನು ಓದಿದ್ದು ಖಾನಾಪುರದ ಕನ್ನಡ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಆಮೇಲೆ ಕೆಲವು ವರ್ಷ ಅಪ್ಪನ ಕುರಿಗಳ ಹಿಂದೆ, ಆಮೇಲೆ ಉಕ್ಕಿನ ಹಿಂದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹ ಪರೀಕ್ಷೆ ಮಾಡುವ ಒಂದು ಸಣ್ಣ ಕಂಪನಿಗೆ ಕಸ ಗುಡಿಸಲು ಸೇರಿದೆ. ಉಕ್ಕಿನ ತುಂಡುಗಳನ್ನು ಕನ್ನಡಿಯಂತೆ ತಿಕ್ಕಿ ಬೆಳಗುವ ಕೆಲಸದಲ್ಲಿ ನಿವೃತ್ತಳಾದೆ. ನಡುವೆ ಯಾವ ಹುದ್ದೆ ಯಾವಾಗ ಬಂತು ಎಂದು ಬರೆಯಲು ಕುಳಿತರೆ ನನಗೇ ಆಕಳಿಕೆ ಬರುತ್ತದೆ.

ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಕಂಪನಿಯವರು ಹಳಬರನ್ನೆಲ್ಲ ಕೇಳಿದ್ದಾರೆ. ನನ್ನ ಬಳಿ ಇರುವ ಸಂಗತಿಗಳಲ್ಲಿ ಹೆಚ್ಚಿನವು ನಗುವಂಥವು. ಒಂದು ಮಾತ್ರ ಹಾಗಲ್ಲ. ನನ್ನಿಂದಾಗಿ ನನ್ನ ತಮ್ಮ ಮಲ್ಲಪ್ಪ ಈ ಕಂಪನಿ ಬಿಟ್ಟು ಹೋದ. ತನ್ನ ಕೈಯೇ ಕೆಟ್ಟದ್ದು ಎಂದು ವರ್ಷಗಟ್ಟಲೆ ನಂಬಿಕೊಂಡು ಬದುಕಿದ. ಅದನ್ನು ಮುಚ್ಚಿಟ್ಟು ಮಿಕ್ಕಿದ್ದನ್ನಷ್ಟೇ ಬರೆದರೆ ನಿಮಗೆ ನಾನು ಕಲಿಸಿದಂತಾಗುವುದು ಬರೀ ತಿಕ್ಕುವುದನ್ನು.

ಮೊದಲು ತಿಕ್ಕುವ ಮಾತನ್ನೇ ಮುಗಿಸುತ್ತೇನೆ. ಉಕ್ಕಿನ ತುಂಡಿಗೆ ನಾವು ಪೀಸು ಅನ್ನುತ್ತೇವೆ. ಪೀಸನ್ನು ಮೊದಲು ಒರಟು ಪಾಲಿಶ್ ಪೇಪರಿನ ಮೇಲೆ, ಆಮೇಲೆ ನಯವಾದದ್ದರ ಮೇಲೆ, ಕೊನೆಗೆ ಬಟ್ಟೆಯ ಮೇಲೆ ತಿಕ್ಕಬೇಕು. ಪೇಪರು ಬದಲಿಸಿದಾಗಲೆಲ್ಲ ಪೀಸನ್ನು ಅಡ್ಡ ತಿರುಗಿಸಿ, ಹಿಂದಿನ ಗೆರೆ ಪೂರ್ತಿ ಮಾಯವಾಗುವವರೆಗೆ ಬಿಡಬಾರದು. ಈಗ ಅದಕ್ಕೂ ಯಂತ್ರ ಬಂದಿದೆ, ಗುಂಡಿ ಒತ್ತಿ ಚಹಾ ಕುಡಿದು ಬರಬಹುದು. ಆಗ ಬರೀ ಬೆರಳು. ಸಂಜೆ ಖಾನಾಪುರದ ರೈಲುಗಾಡಿಯಲ್ಲಿ ತಿಂಗಳ ಪಾಸು ತೋರಿಸುವಾಗ ಅದು ಕೈಯಲ್ಲಿದೆಯೋ ಬಿದ್ದಿದೆಯೋ ಬೆರಳಿಗೆ ತಿಳಿಯುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಈ ತಿಕ್ಕುವಿಕೆಯದ್ದೇ. ಪುಣೆಯಿಂದ ಒಂದು ಪೀಸು ಬಂದಿತ್ತು. ಅದರ ಮೇಲೊಂದು ಸಣ್ಣ ಗೆರೆ. ಪೇಪರಿನ ಗೆರೆಯೇ ಇರಬೇಕೆಂದು ಅರ್ಧ ದಿನ ಹಟ ಹಿಡಿದು ತಿಕ್ಕಿದೆ. ಮುಖ ಕಾಣುವಂತೆ ಹೊಳೆಯಿತು. ಹೆಮ್ಮೆಯಿಂದ ಒಯ್ದು ಇನಾಮದಾರ ಸರ್ ಮೇಜಿನ ಮೇಲಿಟ್ಟೆ. ಪರೀಕ್ಷೆಯ ವಿಭಾಗಕ್ಕೆಲ್ಲ ಅವರೇ ಮುಖ್ಯಸ್ಥರು, ತೆಳ್ಳಗಿನ ಮನುಷ್ಯ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಉಸಿರಾಡುವುದನ್ನೂ ಮರೆಯುತ್ತಿದ್ದರು. ಬಹಳ ಹೊತ್ತು ನೋಡಿ ತಲೆ ಎತ್ತಿದರು.

"ಗಂಗವ್ವ, ಇದರಾಗ ಒಂದ ಬಿರುಕ ಇತ್ತು. ಎಲ್ಲಿ ಹೋತು?"

"ತಿಕ್ಕಿ ತಗದೀನ್ರಿ ಸರ್."

"ಅದನ್ನ ನೋಡ್ರಿ ಅಂತನ ಅವರು ಕಳಸಿದ್ರವಾ."

ಬೈಯಲಿಲ್ಲ. ಪುಣೆಗೆ ಫೋನು ಹಚ್ಚಿ, ಇನ್ನೊಂದು ಪೀಸು ಕಳಿಸಿರಿ, ನಮ್ಮಲ್ಲಿ ಕೆಲಸ ಬಹಳ ಚೊಕ್ಕ ಇದೆ ಎಂದರು. ಲೇಥಿನ ಮೇಲೆ ಪೀಸು ಕಡೆಯುತ್ತಿದ್ದ ತುಕಾರಾಮ ಮಾಮಾ ಮುಂದೆ ಒಂದು ವಾರ ನನ್ನನ್ನು ಕಂಡಾಗಲೆಲ್ಲ, "ಏ ಗಂಗೂ, ನಮ್ಮ ಮನಿ ಗೋಡಿ ಬಿರುಕ ಬಿಟ್ಟೈತಿ, ಐತವಾರ ಬಂದ ತಿಕ್ಕಿ ಹೋಗು" ಎನ್ನುತ್ತಿದ್ದ. ಅವನೂ ಖಾನಾಪುರದವನೇ, ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಯಂತ್ರ ಕೆಟ್ಟರೆ ಎರಡರಲ್ಲೂ ಬೈಗುಳ.

ಎರಡು ಸಾವಿರದ ಇಸವಿಯ ಹಿಂದುಮುಂದು ನಮಗೊಂದು ದೊಡ್ಡ ಕೆಲಸ ಬಂತು. ದೂರದ ಸಮುದ್ರದ ದಂಡೆಯಲ್ಲಿ ಹೊಸ ಬಗೆಯ ಅಣುಸ್ಥಾವರ ಕಟ್ಟುವ ತಯಾರಿ ನಡೆದಿತ್ತು. ಅದಕ್ಕೆ ಬಳಸುವ ಉಕ್ಕಿನ ಒಂದಷ್ಟು ಪರೀಕ್ಷೆ ನಮ್ಮ ಪಾಲಿಗೆ ಬಂದಿತ್ತು. ಸರ್ ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಸಿದರು.

"ಅಲ್ಲಿ ಶಾಖಾ ಹೊತ್ತ ತಿರಗೂದು ನೀರಲ್ಲ, ಸೋಡಿಯಂ. ಅದೂ ಒಂದ ಲೋಹ. ಕಾಸಿದ್ರ ನೀರಿನಂಗ ಹರೀತದ. ಅದರಾಗ ಈ ಉಕ್ಕು ವರ್ಷಾನುಗಟ್ಟಲೆ ಮುಳುಗಿರಬೇಕು. ಅದರ ಜೋಡಿ ವಿಕಿರಣ. ಕಣ್ಣಿಗಿ ಕಾಣೂದಿಲ್ಲ, ಆದ್ರ ಉಕ್ಕಿನ ಒಳಗಿನ ಕಣಕಣಾ ಜಾಗಾ ಬಿಡಸ್ತದ."

"ಅಂದ್ರ ಅತ್ತಿ ಮನಿ ಇದ್ದಂಗ ಬಿಡ್ರಿ ಸರ್" ಎಂದು ಬಾಯಿ ತಪ್ಪಿ ಅಂದುಬಿಟ್ಟೆ. "ಹೊರಗ ಕುದಿಯೂದು, ಒಳಗ ಕಾಣದ ಪೆಟ್ಟು."

ಸರ್ ನಕ್ಕಿದ್ದನ್ನು ನಾನು ಮೊದಲು ಕಂಡದ್ದು ಆಗ.

ಆ ಸೋಡಿಯಂ ಹೇಗಿರುತ್ತದೆ ಎಂದು ತೋರಿಸಲು ಅವರು ಸೀಮೆಎಣ್ಣೆಯ ಬಾಟಲಿಯಿಂದ ಕಡಲೆಕಾಳಿನಷ್ಟು ತೆಗೆದು ನೀರಿನ ಬೋಗುಣಿಗೆ ಹಾಕಿದರು. ಅದು ಬಾಲ ತುಳಿದ ಬೆಕ್ಕಿನ ಹಾಗೆ ನೀರಿನ ಮೇಲೆಲ್ಲ ಓಡಾಡಿ ಚಟಚಟ ಹೊತ್ತಿಕೊಂಡಿತು. ತುಕಾರಾಮ ಮಾಮಾ ಎರಡು ಹೆಜ್ಜೆ ಹಿಂದೆ ಸರಿದು, "ಇಂಥಾದರಾಗ ಉಕ್ಕ ಮುಳಗಸ್ತಾರಂತ, ಖರೇನ ಶಾಣ್ಯಾರು ಅದಾರ" ಎಂದ.

ವಿಕಿರಣಕ್ಕೆ ಒಡ್ಡಿದ ಪೀಸುಗಳು ನಮ್ಮ ಕಡೆ ಬರುತ್ತಿರಲಿಲ್ಲ. ಅವನ್ನು ಅಲ್ಲಿಯೇ ದಪ್ಪ ಗಾಜಿನ ಆಚೆ ಇಟ್ಟು, ಈಚೆ ನಿಂತು ಯಂತ್ರದ ಕೈಗಳಿಂದ ಹಿಡಿದು ಪರೀಕ್ಷಿಸುತ್ತಿದ್ದರು. ನಮಗೆ ಬರುತ್ತಿದ್ದುದು ಎರಡು ಬಗೆ. ಒಂದು, ಕಾದ ಸೋಡಿಯಂನಲ್ಲಿ ತಿಂಗಳುಗಟ್ಟಲೆ ಮುಳುಗಿಸಿ, ತೊಳೆದು, ಗಾಜಿನ ಕೊಳವೆಯಲ್ಲಿ ಮುಚ್ಚಿ ಕಳಿಸಿದವು. ಇನ್ನೊಂದು, ಅದೇ ಹಾಳೆಯಿಂದ ಕತ್ತರಿಸಿದ, ಸೋಡಿಯಂನ ಮುಖವನ್ನೇ ಕಾಣದ ಅವುಗಳ ಜೋಡಿ. ಎರಡನ್ನೂ ಭಟ್ಟಿಯೊಳಗೆ ತೂಗುಹಾಕಿ ಕೆಳಗೆ ಭಾರ ಕಟ್ಟುತ್ತಿದ್ದೆವು. ಕೆಂಪಗೆ ಕಾದ ಉಕ್ಕು ಭಾರಕ್ಕೆ ಇಷ್ಟಿಷ್ಟೇ ಜಗ್ಗುತ್ತದೆ. ಎಷ್ಟು ಜಗ್ಗಿತು, ಯಾವಾಗ ಮುರಿಯಿತು ಎಂದು ನೋಡಿ ಮುಳುಗಿದ್ದಕ್ಕೂ ಮುಳುಗದ್ದಕ್ಕೂ ಹೋಲಿಸಬೇಕು. ಅಷ್ಟೇ ಕೆಲಸ. ಆದರೆ ತಿಂಗಳಾನುಗಟ್ಟಲೆ ಭಟ್ಟಿ ತಣಿಯಕೂಡದು. ಕರೆಂಟು ಹೋದರೆ ತುಕಾರಾಮ ಮಾಮಾ ಎಂಜಲು ಕೈಯಲ್ಲೇ ಜನರೇಟರಿನ ಕಡೆ ಓಡುತ್ತಿದ್ದ. ಅವನ ಬುತ್ತಿಯ ಪಲ್ಯವನ್ನು ಅಷ್ಟರಲ್ಲಿ ಮಿಕ್ಕವರು ಮುಗಿಸುತ್ತಿದ್ದೆವು.

ಈ ಭಟ್ಟಿಗಳ ಕೆಲಸಕ್ಕೆ ತಮ್ಮ ಮಲ್ಲಪ್ಪನನ್ನು, ಮನೆಯವರ ಬಾಯಲ್ಲಿ ಮಲ್ಲ್ಯಾನನ್ನು, ಸೇರಿಸಿದ್ದು ನಾನೇ. ನನಗಿಂತ ಚಿಕ್ಕವನು, ನನಗಿಂತ ಎರಡು ಇಯತ್ತೆ ಹೆಚ್ಚು ಓದಿದವನು. ಇಬ್ಬರೂ ಮುಂಜಾನೆಯ ಗಾಡಿಗೆ ಬರುತ್ತಿದ್ದೆವು. ದೇಸೂರು ಸ್ಟೇಷನ್ನು ಬರುವಷ್ಟರಲ್ಲಿ ಅವನು ರೈಲಿನ ಡಬ್ಬಿಯಲ್ಲಿ ಕುಳಿತ ಹಾಲು ಮಾರುವ ಹೆಂಗಸರನ್ನೆಲ್ಲ ನಗಿಸಿ ಮುಗಿಸಿರುತ್ತಿದ್ದ. ಕೆಲಸಕ್ಕೆ ನಿಂತರೆ ಬೇರೆಯೇ ಮನುಷ್ಯ. ಭಟ್ಟಿಯ ಪಕ್ಕದ ಗಡಿಯಾರದಂಥ ಡಯಲಿನಲ್ಲಿ ಉಕ್ಕು ಜಗ್ಗಿದ್ದನ್ನು ಓದಬೇಕಿತ್ತು. ಕೂದಲೆಳೆಗಿಂತ ಸಣ್ಣ ಅಳತೆ. ಅವನ ಓದಿಗೂ ಸರ್ ಓದಿಗೂ ವ್ಯತ್ಯಾಸ ಬರುತ್ತಿರಲಿಲ್ಲ. ಅವನದು ಒಂದೇ ದುರಭ್ಯಾಸ. ಕೈಗವಸು ಹಾಕಿಕೊಳ್ಳೆಂದರೆ ಸೆಕೆ ಎಂದು ಕಿತ್ತು ಜೇಬಿಗೆ ತುರುಕುತ್ತಿದ್ದ.

"ಮಲ್ಲಪ್ಪ, ಬೆವರಿನ್ಯಾಗ ಉಪ್ಪ ಇರತದ. ಆ ಉಪ್ಪ ಉಕ್ಕ ತಿಂತದ" ಎಂದು ಸರ್ ಗದರಿಸುತ್ತಿದ್ದರು.

"ನಾ ಉಣ್ಣೂದರಾಗ ಉಪ್ಪ ಕಮ್ಮಿ ರೀ ಸರ್, ಬೇಕಾರ ಅಕ್ಕನ್ನ ಕೇಳ್ರಿ."

ಆದರೂ ಸರ್‌ಗೆ ಅವನ ಮೇಲೆ ಕಣ್ಣಿತ್ತು. ಸಮುದ್ರದ ದಂಡೆಯ ಕೇಂದ್ರಕ್ಕೆ ತರಬೇತಿಗೆ ಒಬ್ಬರನ್ನು ಕಳಿಸುವುದಿತ್ತು. ಅಲ್ಲಿ ಆ ಯಂತ್ರದ ಕೈಗಳನ್ನು ಆಡಿಸಲು ಕಲಿಸುತ್ತಿದ್ದರು. ಸರ್ ಮಲ್ಲ್ಯಾನ ಹೆಸರು ಹೇಳಿದ್ದರು. ಅದು ತಿಳಿದ ದಿನದಿಂದ ಅವನು ಗಾಡಿಯಲ್ಲಿ ಎರಡು ಕೈ ಮುಂದೆ ಚಾಚಿ, ಕಾಣದ ಗಾಜಿನಾಚೆಯ ಪೀಸನ್ನು ಎತ್ತಿ ಇಳಿಸಿ ತೋರಿಸುತ್ತಿದ್ದ. ಎದುರಿಗೆ ಕುಳಿತ ಹೆಂಗಸೊಬ್ಬಳು, "ನಿನ್ನ ತಮ್ಮಗ ಮೈಯಾಗ ಹುಷಾರ ಐತಿಲ್ಲ?" ಎಂದು ನನ್ನನ್ನು ಮೆಲ್ಲಗೆ ಕೇಳಿದ್ದಳು.

ಆ ವರ್ಷದ ಖಂಡೇನವಮಿ ಬಂತು. ನಮ್ಮ ಕಡೆ ಅಂದು ದುಡಿಯುವ ಸಾಮಾನಿಗೆಲ್ಲ ಪೂಜೆ. ಲೇಥಿಗೆ, ಭಟ್ಟಿಗೆ, ಜನರೇಟರಿಗೆ ನೀರು ಹಚ್ಚಿ ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಒಂದೊಂದು ಕಾಯಿ ಒಡೆದೆವು. ಪೀಸುಗಳ ಕೋಣೆಯ ಬಾಗಿಲವರೆಗೆ ಮಾತ್ರ ಪೂಜೆ, ಒಳಗೆ ಏನೂ ತರಬಾರದು ಎಂದು ಸರ್ ಮುಂಚೆಯೇ ಹೇಳಿದ್ದರು. ತಿಕ್ಕುವ ಕೆಲಸ ಸಿಕ್ಕ ಮೇಲೂ ಆ ಕೋಣೆಯ ಕಸ ತೆಗೆಯುವವಳು ನಾನೇ ಆದ್ದರಿಂದ ಕೀಲಿ ನನ್ನ ಬಳಿಯೇ ಇರುತ್ತಿತ್ತು.

ನನಗೆ ಮನಸ್ಸು ಕೇಳಲಿಲ್ಲ. ಯಂತ್ರಕ್ಕೇನು, ಗೋಡೆಗೆ ಒರಗಿ ನಿಂತಿರುತ್ತದೆ. ತಿಂಗಳುಗಟ್ಟಲೆ ಬೆಂಕಿಯಲ್ಲಿ ಭಾರ ಹೊತ್ತು ತೂಗುವುದು ಪೀಸು. ಅದಕ್ಕೆ ಪೂಜೆ ಇಲ್ಲವೆಂದರೆ ಹೇಗೆ? ಎಲ್ಲರೂ ಮಂಡಕ್ಕಿ ತಿನ್ನುತ್ತಿದ್ದಾಗ ಬಟ್ಟಲಲ್ಲಿ ಕಾಯಿನೀರು ಹಿಡಿದುಕೊಂಡು ಒಳಗೆ ಹೋದೆ. ಸೋಡಿಯಂನಲ್ಲಿ ಮುಳುಗಿದವು ಗಾಜಿನ ಕೊಳವೆಯಲ್ಲಿ ಭದ್ರವಾಗಿದ್ದವು. ಅವುಗಳ ಜೋಡಿ ಪೀಸುಗಳು ಭಟ್ಟಿಗೆ ಹೋಗಲು ತಯಾರಾಗಿ ತಟ್ಟೆಯಲ್ಲಿ ಸಾಲಾಗಿ ಮಲಗಿದ್ದವು. ವೀಳ್ಯದೆಲೆ ಅದ್ದಿ ಅವುಗಳ ಮೇಲೆ ಚಿಮುಕಿಸಿ ಕೈ ಮುಗಿದು ಬಂದೆ. ಮುಗಿದ ಮೇಲೆ ಎಷ್ಟು ಸಮಾಧಾನವಾಗಿತ್ತೆಂದರೆ, ತುಕಾರಾಮ ಮಾಮಾ ನನ್ನ ಪಾಲಿನ ಮಂಡಕ್ಕಿ ತಿಂದು ಮುಗಿಸಿದ್ದಕ್ಕೂ ಜಗಳ ತೆಗೆಯಲಿಲ್ಲ.

ದಸರೆಯ ರಜೆ ಕಳೆದು ಮಲ್ಲ್ಯಾ ಆ ಪೀಸುಗಳನ್ನು ಸ್ಪಿರಿಟಿನಲ್ಲಿ ಒರೆಸಿ ಭಟ್ಟಿಗೆ ತೂಗುಹಾಕಿದ. ಕೊಳವೆಯಲ್ಲಿದ್ದವನ್ನು ಸರ್ ತಾವೇ ತೆಗೆದು ಹಾಕಿದರು. ಪರೀಕ್ಷೆಗಾಗಿ ಕಡೆದ ಸಣ್ಣ ಗೀರುಗಳಲ್ಲಿ ಒಣಗಿ ಕೂತದ್ದು ಒರೆಸಿದರೆ ಹೋಗುವಂಥದ್ದಲ್ಲ. ಇದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಕೆಲವು ವಾರಗಳಲ್ಲಿ ಜೋಡಿ ಪೀಸುಗಳು ಒಂದರ ಹಿಂದೊಂದು ಮುರಿದವು. ಮುಳುಗಿದವು ಗಟ್ಟಿಯಾಗಿ ತೂಗುತ್ತಲೇ ಇದ್ದವು. ಸಮುದ್ರದ ದಂಡೆಯವರಿಂದ ಫೋನಿನ ಮೇಲೆ ಫೋನು. ಸರ್ ತಲೆ ಮೇಲೆ ಕೈ ಹೊತ್ತು ಕುಳಿತರು.

"ಸೋಡಿಯಂನಾಗ ಕುದ್ದ ಬಂದದ್ದು ಗಟ್ಟಿ ಅದ. ನಮ್ಮ ಕಪಾಟಿನ್ಯಾಗ ತಣ್ಣಗ ಮಲಗಿದ್ದು ಮುರದ ಬಿತ್ತು. ನಮ್ಮ ಕಪಾಟಿನ್ಯಾಗ ಅಂಥಾದ್ದೇನ ಅದಪಾ?"

ಮುರಿದ ಪೀಸನ್ನು ಕತ್ತರಿಸಿ ತಿಕ್ಕಿ ಕೊಡುವ ಕೆಲಸ ನನಗೇ ಬಂತು. ಕತ್ತರಿಸುವ ಮುಂಚೆ ಭೂತಗನ್ನಡಿ ಹಿಡಿದು ಮೇಲ್ಮೈ ನೋಡಿದೆ. ಸಣ್ಣ ಸಣ್ಣ ಉಂಗುರಗಳು. ಅಂಚು ಗಾಢ, ನಡು ತೆಳು. ನೆಲದ ಮೇಲೆ ಚಹಾದ ಹನಿ ಒಣಗಿದರೆ ಹಾಗೆಯೇ ಕಾಣುತ್ತದೆ. ಕಸ ಗುಡಿಸಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಉಂಗುರದ ಅಂಚಿನಿಂದಲೇ ಬಿರುಕು ಶುರುವಾಗಿತ್ತು. ವೀಳ್ಯದೆಲೆಯಿಂದ ಚಿಮುಕಿಸಿದ ಕಾಯಿನೀರು ನೆನಪಾಯಿತು.

ಸರ್ ಬಿರುಕಿನ ಜಾಗವನ್ನಷ್ಟೇ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಉಪ್ಪು ತಿಂದ ತೂತುಗಳು ಕಂಡವು. ಕೋಣೆಯಲ್ಲಿ ಸರ್ ಮತ್ತು ನಾನು ಇದ್ದೆವು.

"ಇದು ಬೆವರಿನ ಉಪ್ಪಽ ಇರಬೇಕು. ಗಂಗವ್ವ, ನೀ ಪೂರಾ ಪೀಸ ನೋಡೀದಿ. ಬೆರಳಿನ ಗುರ್ತು ಇದ್ವೇನು?"

"ಹೌದ್ರಿ ಸರ್" ಎಂದೆ.

ಯಾಕೆ ಅಂದೆ ಎಂದು ನೀವು ಕೇಳಬಹುದು. ನಾನಿನ್ನೂ ಕಾಯಂ ಆಗಿರಲಿಲ್ಲ, ಆ ತಿಂಗಳು ಆಗುವುದಿತ್ತು. ಬೇಡವೆಂದ ಕೋಣೆಯೊಳಗೆ ಹೋಗಿದ್ದೆ. ಮಲ್ಲ್ಯಾ ಗಂಡಸು, ಬೇಕಾದಲ್ಲಿ ದುಡಿಯುತ್ತಾನೆ; ನನ್ನನ್ನು ಇಲ್ಲಿಂದ ತೆಗೆದರೆ ಮತ್ತೆ ಕುರಿಗಳ ಹಿಂದೆ ಹೋಗಬೇಕು. ಇಷ್ಟೆಲ್ಲ ಲೆಕ್ಕ ಒಂದು ಉಸಿರಿನಲ್ಲಿ ಆಗಿಹೋಯಿತು. ಆ ಮಧ್ಯಾಹ್ನ ಕುಳಿತು ಉಳಿದ ಉಂಗುರಗಳ ಮೇಲೂ ಪೇಪರು ಹಾಕಿ ತಿಕ್ಕಿದೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ.

ತರಬೇತಿಗೆ ಬೇರೆ ಒಬ್ಬನು ಹೋದ. ಮಲ್ಲ್ಯಾನನ್ನು ಹೊರಗಿನ ಶೆಡ್ಡಿನಲ್ಲಿ ಗರಗಸದ ಕೆಲಸಕ್ಕೆ ಹಾಕಿದರು. ಸರ್ ಅವನಿಗೆ ಜೋರಾಗಿ ಏನೂ ಅನ್ನಲಿಲ್ಲ. "ನಿನ್ನ ಕೈ ಚಲೋ ಅದ ಅಂದಿದ್ದೆ" ಎಂದಷ್ಟೇ ಅಂದರು. ಅದೇ ಅವನಿಗೆ ಹೆಚ್ಚು ತಾಗಿತು. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಲೋಂಡಾಕ್ಕೆ ಹೋಗಿ, ಸ್ಟೇಷನ್ನಿನ ಹತ್ತಿರ ಮೋಟಾರ್‌ಸೈಕಲ್ ರಿಪೇರಿಯ ಗ್ಯಾರೇಜು ಹಾಕಿದ. ನಾನು ಕಾಯಂ ಆದೆ. ಎಲ್ಲರಿಗೂ ಕುಂದಾ ಹಂಚಿದೆ. ಅವನಿಗೂ ಒಯ್ದು ಕೊಟ್ಟೆ. ತಿಂದು, "ಚಲೋ ಆತಕ್ಕಾ, ನೀನರ ಉಳದಿ" ಎಂದ.

ಗ್ಯಾರೇಜು ಚೆನ್ನಾಗಿಯೇ ನಡೆಯಿತು. ಮಾತಿನಲ್ಲಿ ಅದೇ ಮಲ್ಲ್ಯಾ. ಆದರೆ ಗ್ರೀಸು ಹಚ್ಚುವುದಕ್ಕೂ ಕೈಗವಸು. ಗಿರಾಕಿಗಳು ಡಾಕ್ಟರ್ ಎಂದು ಚೇಷ್ಟೆ ಮಾಡುತ್ತಿದ್ದರು. "ನನ್ನ ಕೈಯಾಗ ಉಪ್ಪ ಐತ್ರಿ, ನಿಮ್ಮ ಗಾಡಿ ತಿಂದಬಿಡತೈತಿ" ಎಂದು ಅವನೂ ನಗುತ್ತಿದ್ದ. ಮನೆಯಲ್ಲಿ ಉಪ್ಪಿನಕಾಯಿ ಹಾಕುವಾಗ ಭರಣಿ ಮುಟ್ಟುತ್ತಿರಲಿಲ್ಲ. ಹೊಸ ಮನೆಗೆ ಪಾಯ ತೆಗೆದಾಗ ಮೊದಲ ಕಲ್ಲನ್ನು ಹೆಂಡತಿಯ ಕೈಯಿಂದ ಇಡಿಸಿದ. ನನ್ನ ಕೈಗುಣ ಸರಿ ಇಲ್ಲ ಎನ್ನುತ್ತಿದ್ದ. ಜನ ಅದನ್ನು ತಮಾಷೆ ಎಂದುಕೊಂಡಿದ್ದರು. ತಮಾಷೆ ಅಲ್ಲವೆಂದು ತಿಳಿದವಳು ನಾನೊಬ್ಬಳೇ.

ಕಂಪನಿಯಲ್ಲಿ ಡಯಲು ಹೋಗಿ ಕಂಪ್ಯೂಟರ್ ಬಂತು. ಉಕ್ಕು ಜಗ್ಗಿದ್ದನ್ನು ಅದೇ ಓದಿ ಅದೇ ಗೆರೆ ಎಳೆಯತೊಡಗಿತು. ತುಕಾರಾಮ ಮಾಮಾ ಅದರ ಮುಂದೆ ಕುಳಿತು, "ಇದಕ್ಕ ಬೆವರೂ ಬರೂದಿಲ್ಲ, ಹಸಿವೀನೂ ಆಗೂದಿಲ್ಲ, ಇದರ ಜೋಡಿ ಏನಂತ ಮಾತಾಡೂದು" ಎಂದು ಗೊಣಗಿ ಒಂದು ದಿನ ನಿವೃತ್ತನಾದ. ಸರ್ ಕೂಡ ಹೋದರು. ಕೊನೆಗೆ ನನ್ನ ಸರದಿಯೂ ಬಂತು. ಶಾಲು ಹೊದಿಸಿ, ಗಂಗವ್ವನವರ ಕೈಯಿಂದ ಒಂದು ಪೀಸೂ ಕೆಟ್ಟಿಲ್ಲ ಎಂದು ಯಾರೋ ಭಾಷಣ ಮಾಡಿದರು. ಮನೆಗೆ ಬಂದು ಶಾಲನ್ನು ಮಡಿಚಿಟ್ಟೆ.

ಮಲ್ಲ್ಯಾನ ಬಳಿ ಹೋಗಲು ಧೈರ್ಯ ಸಾಲದೆ ಮೊದಲು ಶಿವಬಸವ ನಗರಕ್ಕೆ, ಇನಾಮದಾರ ಸರ್ ಮನೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಾಯಿನೀರಿನ್ಯಾಗೂ ಉಪ್ಪಿನಂಶ ಇರತದ. ನನಗ ಹೊಳೀಲಿಲ್ಲ ನೋಡು. ಬಿರುಕಿನ ಜಾಗಾ ಒಂದ ನೋಡಿ, ಒಬ್ಬ ಮನಶ್ಯಾನ ಕೈಗಿ ತೀರ್ಪ ಕೊಟ್ಟಬಿಟ್ಟೆ" ಎಂದರು. ಆಮೇಲೆ, "ಆದ್ರ ಗಂಗವ್ವ, ನೀ ತಪ್ಪ ಮನಿಗಿ ಬಂದೀ. ನನಗ ಹೇಳಿದ್ರ ನಿನಗ ಹಗುರಾಗತದ, ಅಷ್ಟ. ಚಹಾ ಕುಡದ ಲೋಂಡಾಕ ಹೋಗು."

ಹೋದೆ. ಮಲ್ಲ್ಯಾ ಒಂದು ಗಾಡಿಯ ಚಕ್ರ ಬಿಚ್ಚಿ ಕುಳಿತಿದ್ದ. ಕುಂದರು ಎಂದು ಸ್ಟೂಲು ಸರಿಸಿದ. ನಾನು ಕೂರಲಿಲ್ಲ.

"ಮಲ್ಲ್ಯಾ, ಆ ಪೀಸು ನಿನ್ನ ಕೈಯಿಂದ ಮುರದಿದ್ದಿಲ್ಲೋ. ಖಂಡೇನವಮಿ ದಿನಾ ನಾ ಅದರ ಮ್ಯಾಲ ಕಾಯಿನೀರ ಚಿಮುಕಿಸಿದ್ದೆ."

ಯಾವ ಪೀಸು ಎಂದು ಅವನು ಕೇಳಲಿಲ್ಲ. ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ.

"ನಿನಗ ಯಾವಾಗ ಗೊತ್ತಾತು?"

ಈಗೀಚೆಗೆ ಎಂದು ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ.

"ಆವತ್ತ ಗೊತ್ತಿತ್ತು. ಸರ್ ಕೇಳೂಕಿಂತ ಮೊದಲ."

ಅವನು ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ. ಅದು ನಿಲ್ಲುವವರೆಗೂ ನೋಡಿದ.

"ನನ್ನ ಮಗಳಿಗಿ ಹೆಸರಿಡೂ ದಿನಾ ನಾ ತೊಟ್ಟಲಾ ಮುಟ್ಟಲಿಲ್ಲಕ್ಕಾ. ನೀ ಬಾಜೂಕ ನಿಂತಿದ್ದಿ. ಅವತ್ತರ ಹೇಳಬಾರದಾಗಿತ್ತು?"

ಅವನು, "ಹೋಗು, ನಿನ್ನ ಗಾಡಿಗಿ ಹೊತ್ತಾಗತೈತಿ" ಎಂದು ಮತ್ತೆ ಪಾನಾ ಕೈಗೆತ್ತಿಕೊಂಡ.

ಅದಾದ ಮೇಲೆ ಬಹಳ ದಿನ ನನ್ನ ಫೋನು ಎತ್ತಲಿಲ್ಲ. ಅಷ್ಟರಲ್ಲಿ ಕಂಪನಿಯವರು ಬರೆಯಲು ಕೇಳಿದರು. ಇಲ್ಲಿಯವರೆಗಿನದನ್ನು ಬರೆದು, ಬಂದು ಓದಿ ನೋಡು, ನೀನು ಬೇಡವೆಂದರೆ ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. ಒಂದು ಐತವಾರ ಅವನೇ ಖಾನಾಪುರಕ್ಕೆ ಬಂದ. ಓದು, ಕೇಳುತ್ತೇನೆ ಎಂದು ಗೋಡೆಗೆ ಒರಗಿ ಕುಳಿತ. ಬಿರುಕು ತಿಕ್ಕಿ ತೆಗೆದದ್ದಕ್ಕೆ ನಕ್ಕ. ತುಕಾರಾಮ ಮಾಮಾನ ಮಾತಿಗೆ ಜೋರಾಗಿಯೇ ನಕ್ಕ. ಓದಿ ಮುಗಿಸಿದೆ.

"ಬರೋಬ್ಬರಿ ಬರದೀ" ಎಂದ. "ಆದ್ರ ಸರ್ ಕೇಳಿದಾಗ ಕೋಣ್ಯಾಗ ನೀವಿಬ್ಬರ ಇದ್ರಿ ಅಂತ ಬರದೀ ಅಲ್ಲಾ, ನಾ ಎಲ್ಲಿದ್ದೆ?"

ನಾನು ಹಾಳೆಯನ್ನೇ ನೋಡುತ್ತಿದ್ದೆ.

"ನಾ ಬಾಗಲದಾಗ ನಿಂತಿದ್ದೆ. ಸರ್ ಕೇಳಿದ್ರು. ನೀ ತಿರುಗಿ ನನ್ನ ಮುಖಾ ನೋಡಿದಿ. ಆಮ್ಯಾಲ ಹೌದ್ರಿ ಅಂದಿ. ತಮ್ಮನ ಮ್ಯಾಲ ಹೇಳಾಕ ಅಕ್ಕಗ ಎಷ್ಟ ತ್ರಾಸ ಆಗಾಕತ್ತೈತಿ ಅಂತ ಅನಕೊಂಡು, ನಾನ ನಿನಗ ಹೇಳು ಅಂತ ಗೋಣ ಹಾಕಿದ್ದೆ."

ಅವನು ಹೇಳಿದ್ದು ನಿಜ. ಅವನು ಬಾಗಿಲಲ್ಲಿದ್ದ. ನಾನು ನೋಡಿದೆ. ಅವನು ಗೋಣು ಹಾಕಿದ. ಅದನ್ನು ಕಂಡ ಮೇಲೆಯೇ ನಾನು ಹೌದೆಂದೆ.

ಮೇಲೆ ಬರೆದದ್ದನ್ನು ಹೊಡೆದು ಹಾಕಿ ತಿದ್ದುತ್ತೇನೆಂದೆ. ಮಲ್ಲ್ಯಾ ಬೇಡವೆಂದ.

"ಅದು ಹಂಗ ಇರಲಿ. ಇದನ್ನ ಕೆಳಗ ಬರಿ. ಹೊಸಾ ಹುಡುಗರು ಎರಡೂ ಓದಲಿ."